ಹಕ್ಕಿನ ಪಟ್ಟಿಯಿಂದ ಶುರುಮಾಡಿ: ಕೂಂಡಿ 3000ರ ಸ್ಟ್ರಾಟಜಿ ಗೇಮಿಗೆ ರಾಜಕೀಯ, ಹಣಕಾಸು ಕೂಡಿಸುವ ಬಗೆ

ಮಧ್ಯಯುಗದ ಸ್ಟ್ರಾಟಜಿ ಗೇಮ್ ಕಟ್ಟುವವರು ಮೊದಲು ಮ್ಯಾಪು, ಕೋಟೆ, ದಂಡು ಮಾಡಿ ಮುಗಿಸುತ್ತಾರೆ. ಆಮೇಲೆ ಆಟ ಸಪ್ಪೆ ಅನಿಸಿ ಕಬ್ಬಿಣ, ಉಪ್ಪು, ಅರಿಶಿನ, ಗಂಧ ಎಂದು ಸರಕುಗಳನ್ನು ಸೇರಿಸುತ್ತ ಹೋಗುತ್ತಾರೆ. ಇದರಿಂದ ಕ್ಲಿಕ್ಕು ಹೆಚ್ಚುತ್ತವೆ, ಯೋಚಿಸಬೇಕಾದ ಸಂದರ್ಭ ಹೆಚ್ಚುವುದಿಲ್ಲ. ಹಳ್ಳಿಯಲ್ಲಿ ಬೆಳೆದದ್ದು ನೇರ ಅರಸನ ಬೊಕ್ಕಸಕ್ಕೆ ಬಂದು ಬೀಳುತ್ತಿರುವುದೇ ಇದಕ್ಕೆ ಕಾರಣ. ನಡುವೆ ಕೈಗಳೇ ಇಲ್ಲದ ಕಡೆ ರಾಜಕೀಯ ಎಲ್ಲಿಂದ ಹುಟ್ಟಬೇಕು? ಆದ್ದರಿಂದ ಹೊಸ ಸರಕು ಬೇಡ. ಇರುವ ಒಂದೇ ಸರಕು, ಜೋಳ, ಯಾರ್ಯಾರ ಕೈ ದಾಟಿ ಅರಸನ ತನಕ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ತನ್ನಿ. ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ.

ಉದಾಹರಣೆಗೆ 1204ರ ಕೂಂಡಿ 3000 ಎಂಬ ನಾಡನ್ನು ಹಿಡಿಯೋಣ. ಇಂದಿನ ಬೆಳಗಾವಿ ಆಗ ವೇಣುಗ್ರಾಮ. ಸವದತ್ತಿಯ ರಟ್ಟರು ಅಲ್ಲಿಗೆ ಬಂದು ಆಳುತ್ತಿದ್ದಾರೆ. ನಾಲ್ಕನೆಯ ಕಾರ್ತವೀರ್ಯ ಅರಸ, ತಮ್ಮ ಮಲ್ಲಿಕಾರ್ಜುನ ಯುವರಾಜ. ಬಡಗಲಿಗೆ ದೇವಗಿರಿಯ ಸೇವುಣರು, ತೆಂಕಲಿಗೆ ಹೊಯ್ಸಳ ವೀರಬಲ್ಲಾಳ, ಪಡುವಲಿಗೆ ಗೋವೆಯ ಕದಂಬರು, ವಾಯವ್ಯಕ್ಕೆ ಕೊಲ್ಲಾಪುರದ ಶಿಲಾಹಾರ ಭೋಜ. ಕಲ್ಯಾಣದ ಚಾಲುಕ್ಯರೆಂಬ ದೊಡ್ಡ ಮರ ಬಿದ್ದಾಗಿದೆ, ಅದರ ಕೆಳಗಿದ್ದ ಎಲ್ಲರೂ ಒಬ್ಬರನ್ನೊಬ್ಬರು ಅಳೆಯುತ್ತಿದ್ದಾರೆ. ಸ್ಟ್ರಾಟಜಿ ಗೇಮಿಗೆ ಇದಕ್ಕಿಂತ ಹದವಾದ ಹೊತ್ತು ಸಿಗುವುದು ಕಷ್ಟ. ಕೆಳಗಿನ ಖಂಡುಗ, ಗದ್ಯಾಣಗಳ ಮೊತ್ತಗಳು ಆಟದ ತೂಕಕ್ಕಾಗಿ ಇಟ್ಟವು, ಶಾಸನದಿಂದ ಎತ್ತಿದವಲ್ಲ.

ಟರ್ನ್, ನಾಣ್ಯ, ಅಳತೆ

ಹೆಸರಿನಲ್ಲಿ 3000 ಇದೆಯೆಂದು 3000 ಹಳ್ಳಿಗಳ ನೋಡ್ ಮಾಡಬೇಡಿ. ಯಾವ ಆಟಗಾರನೂ ಅಷ್ಟನ್ನು ನೋಡಲಾರ, ನಿಮ್ಮ ಎಐ ಕೂಡ ನೋಡಲಾರದು. ನಾಡನ್ನು 12 ಕಂಪಣಗಳಾಗಿ ಒಡೆಯಿರಿ. ಆ ಕಾಲದಲ್ಲೇ ಕಂಪಣ ಎಂಬ ಘಟಕ ಇತ್ತು. ವೇಣುಗ್ರಾಮ 70, ತೇರದಾಳ 12 ಎಂಬ ಹೆಸರುಗಳೂ ಸಿದ್ಧವಾಗಿವೆ. ಪ್ರತಿ ಕಂಪಣಕ್ಕೆ ಸುಮಾರು 6000 ಜನ.

ಟರ್ನಿಗೆ ಋತುವೇ ಸರಿಯಾದ ಅಳತೆ: ವರ್ಷಕ್ಕೆ 6 ಟರ್ನ್, 40 ವರ್ಷದ ಆಟಕ್ಕೆ 240. ತಿಂಗಳಿಗೊಂದು ಟರ್ನ್ ಇಟ್ಟರೆ ಆಟಗಾರ ಸುಮ್ಮನೆ "ಮುಂದೆ" ಒತ್ತುವ ಟರ್ನ್‌ಗಳೇ ಜಾಸ್ತಿಯಾಗುತ್ತವೆ. ವರ್ಷಕ್ಕೊಂದು ಇಟ್ಟರೆ ಮುಂಗಾರಿ ಯಾವುದು, ಹಿಂಗಾರಿ ಯಾವುದು ತಿಳಿಯುವುದಿಲ್ಲ, ಮತ್ತು ಈ ಸೀಮೆಯಲ್ಲಿ ಆ ವ್ಯತ್ಯಾಸ ಇಲ್ಲದೆ ಒಕ್ಕಲುತನವೇ ಇಲ್ಲ. ಗ್ರೀಷ್ಮದಲ್ಲಿ ಮುಂಗಾರಿ ಬಿತ್ತನೆ, ಶರದದಲ್ಲಿ ಅದರ ರಾಶಿ. ಶರದದಲ್ಲೇ ಎರೆಹೊಲಕ್ಕೆ ಹಿಂಗಾರಿ ಜೋಳ, ಶಿಶಿರದಲ್ಲಿ ರಾಶಿ. ಹಿಂಗಾರಿ ನಿಲ್ಲುವುದು ಹಸ್ತ, ಚಿತ್ತ ಮಳೆಯ ಮೇಲೆ. ಈವೆಂಟ್ ಬರೆಯುವಾಗ "ಮಳೆ ಕಡಿಮೆ, ಇಳುವರಿಗೆ 20 ಕಳೆಯಿರಿ" ಎಂದು ತೋರಿಸುವ ಬದಲು "ಹಸ್ತ ಮಳೆ ಕೈಕೊಟ್ಟಿತು" ಎಂದು ಬರೆಯಿರಿ, ಸಂಖ್ಯೆ ಟೂಲ್‌ಟಿಪ್‌ನಲ್ಲಿರಲಿ.

ನಾಣ್ಯಕ್ಕೆ ಗದ್ಯಾಣ, ಹಣ, ಹಾಗ, ವೀಸ. 1 ಗದ್ಯಾಣಕ್ಕೆ 10 ಹಣ, 1 ಹಣಕ್ಕೆ 4 ಹಾಗ ಅಥವಾ 16 ವೀಸ. ಕೋಡ್‌ನಲ್ಲಿ ಎಲ್ಲವನ್ನೂ ವೀಸದಲ್ಲೇ, ಪೂರ್ಣಾಂಕವಾಗಿಯೇ ಇಡಿ (1 ಗದ್ಯಾಣ = 160 ವೀಸ); ತೋರಿಸುವಾಗ ಮಾತ್ರ ಗದ್ಯಾಣ ಮಾಡಿ. ಹಣವನ್ನು ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯಾಗಿ) ಇಟ್ಟರೆ ನೂರಾರು ಟರ್ನ್ ಕಳೆದ ಮೇಲೆ ಬೊಕ್ಕಸಗಳ ಮೊತ್ತ ಕೂಡಿಬರುವುದಿಲ್ಲ, ಆ ಬಗ್ ಹುಡುಕುವುದು ಬೇಡವೇ ಬೇಡ. ಪಾಲು ಹಂಚಿದಾಗ ಉಳಿಯುವ ಒಂದೆರಡು ವೀಸವನ್ನು ಲೆಕ್ಕ ಬರೆಯುವ ಸೇನಬೋವನ ಖಾತೆಗೆ ಹಾಕಿ. ಲೆಕ್ಕವೂ ಸರಿಹೋಗುತ್ತದೆ, ಸೇನಬೋವನ ಸ್ವಭಾವವೂ ಉಳಿಯುತ್ತದೆ.

ಧಾನ್ಯಕ್ಕೆ ಖಂಡುಗ, 1 ಖಂಡುಗಕ್ಕೆ 20 ಕೊಳಗ. ಊರೂರಿಗೆ ಕೊಳಗದ ಗಾತ್ರ ಬೇರೆ ಇತ್ತು, ಅದನ್ನು ಆಟಕ್ಕೆ ತರಬೇಡಿ. ಒಬ್ಬ ಮನುಷ್ಯನಿಗೆ ಋತುವಿಗೆ 3 ಕೊಳಗ ಊಟ, ವರ್ಷಕ್ಕೆ 18; ಬೀಜಕ್ಕೆ 2. ಹೀಗೆ ತಲೆಗೆ ವರ್ಷಕ್ಕೆ ಸರಿಯಾಗಿ 1 ಖಂಡುಗ. 6000 ಜನರ ಕಂಪಣಕ್ಕೆ 5400 ಖಂಡುಗ ಊಟ, 600 ಬೀಜ. ಈ ಒಂದು ಅನುಕೂಲದಿಂದ ಮುಂದಿನ ಲೆಕ್ಕವೆಲ್ಲ ತಲೆಯಲ್ಲೇ ಆಗುತ್ತದೆ.

ಹಕ್ಕಿನ ಪಟ್ಟಿ

ಇಡೀ ವಿನ್ಯಾಸದ ಬೆನ್ನೆಲುಬು ಇದು. ಪ್ರತಿ ಕಂಪಣಕ್ಕೂ ಒಂದು ಪಟ್ಟಿ. ಪ್ರತಿ ಸಾಲಿನಲ್ಲಿ ಐದು ಸಂಗತಿ: ಯಾರಿಗೆ, ಎಷ್ಟು, ಧಾನ್ಯದಲ್ಲೋ ನಗದಿನಲ್ಲೋ, ನಿಗದಿಯೋ ಪಾಲೋ, ಎಷ್ಟನೆಯ ಸರದಿ. ಸರಾಸರಿ ವರ್ಷದ ಬೆಳೆ 8000 ಖಂಡುಗ ಇದ್ದಾಗ ಶುರುವಿನ ಪಟ್ಟಿ ಹೀಗಿರಲಿ:

1. ಬೀಜ: 600 ಖಂಡುಗ, ನಿಗದಿ
2. ದೇವದಾನ (ಗುಡಿ, ಬಸದಿ, ಮಠ): ಬೆಳೆಯ 5 ಶೇಕಡಾ, ಅಂದರೆ 400 ಖಂಡುಗ
3. ಊರಗೌಂಡರ (ಊರ ಮುಖ್ಯಸ್ಥರ) ಉಂಬಳಿ: 300 ಖಂಡುಗ, ನಿಗದಿ
4. ಸಿದ್ಧಾಯ (ಅರಸನಿಗೆ ತೆರುವ ನೆಲದ ತೆರಿಗೆ): 400 ಗದ್ಯಾಣ, ನಿಗದಿ, ನಗದು
5. ಒಕ್ಕಲ ಮನೆಯ ಊಟ: 5400 ಖಂಡುಗ
6. ಉಳಿದದ್ದು ಸಂತೆಗೆ ಅಥವಾ ಹಗೇವಿಗೆ (ಕಾಳು ಕೂಡಿಡುವ ನೆಲದೊಳಗಿನ ಗುಂಡಿಗೆ)

ಮೂಲ ಧಾರಣೆ ಖಂಡುಗಕ್ಕೆ 4 ಹಣ ಎಂದಿಟ್ಟರೆ 400 ಗದ್ಯಾಣ ತೆರಲು ಒಕ್ಕಲು 1000 ಖಂಡುಗ ಮಾರಬೇಕು. ಒಟ್ಟು 7700 ಹೋಗಿ 300 ಖಂಡುಗ ಉಳಿಯುತ್ತದೆ. ಎಷ್ಟು ಕಡಿಮೆ ಉಳಿಯಿತು ನೋಡಿ. ಅದು ಬೇಕೆಂದೇ ಇಟ್ಟದ್ದು. ಮಿಕ್ಕುವುದು ಹೆಚ್ಚಿದ್ದರೆ ಯಾರೂ ಯಾರೊಂದಿಗೂ ಜಗಳ ಆಡುವುದಿಲ್ಲ.

ಇನ್ನು ಮುಂದೆ ಆಟದ ಪ್ರತಿಯೊಂದು ರಾಜಕೀಯ ನಡೆಯೂ ಈ ಪಟ್ಟಿಗೆ ಸಾಲು ಸೇರಿಸುವುದು, ತೆಗೆಯುವುದು, ಸರದಿ ಬದಲಿಸುವುದು, ಇವುಗಳಲ್ಲಿ ಒಂದಾಗಬೇಕು. ಗುಡಿಗೆ ದತ್ತಿ ಬಿಟ್ಟರೆ ಎರಡನೆಯ ಸರದಿಯಲ್ಲಿ ಹೊಸ ಸಾಲು. ಕಾಳಗದಲ್ಲಿ ಸತ್ತವನ ಮನೆಗೆ ಕೊಡುವ ನೆತ್ತರುಗೊಡಗೆ ಇನ್ನೊಂದು ಸಾಲು. ಸಾಮಂತನ ಮಗನಿಗೆ ಮದುವೆಯ ಬಳುವಳಿ ಮತ್ತೊಂದು. ಶಾಸನಗಳಲ್ಲಿ ದತ್ತಿ ಬಿಡುವಾಗ ಬರುವ "ಆಚಂದ್ರಾರ್ಕ" ಎಂಬ ಮಾತನ್ನು ಹಾಗೇ ಒಂದು ಫ್ಲ್ಯಾಗ್ ಮಾಡಿ: ಆ ಸಾಲನ್ನು ಸೂರ್ಯಚಂದ್ರರಿರುವ ತನಕ ತೆಗೆಯುವಂತಿಲ್ಲ. ತೆಗೆಯಲು ಬಟನ್ ಕೊಡಿ, ಆದರೆ ಒತ್ತುವ ಮೊದಲು ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪದ ಶಾಪವಾಕ್ಯ ತೆರೆಯ ಮೇಲೆ ಬರಲಿ, ಎಲ್ಲ ಕಂಪಣಗಳ ಜನರ ಒಲವು 15 ಇಳಿಯಲಿ. ಆ ಶಾಪವಾಕ್ಯಗಳು ಕನ್ನಡ ಶಾಸನಗಳ ಕೊನೆಯಲ್ಲಿ ನಿಜವಾಗಿಯೂ ಇವೆ. ಆಟದ ಎಚ್ಚರಿಕೆಯ ಡಬ್ಬಿಗೆ ಅದಕ್ಕಿಂತ ಚೆಂದದ ಮಾತು ನಾವು ಬರೆಯಲಾರೆವು.

ಇಲ್ಲಿ ಕೆಡುವುದು ಏನೆಂದರೆ ಸಾಲುಗಳು ಕೂಡುತ್ತ ಹೋಗುತ್ತವೆ, ಕಳೆಯುವುದಿಲ್ಲ. ಇಪ್ಪತ್ತು ವರ್ಷದ ಹೊತ್ತಿಗೆ ಅರಸನ ಪಾಲು ಸೊನ್ನೆಗೆ ಬರುತ್ತದೆ. ಪರಿಹಾರ ಸಾಲು ಅಳಿಸುವುದರಲ್ಲಿಲ್ಲ, ಬೆಳೆ ಹೆಚ್ಚಿಸುವುದರಲ್ಲಿದೆ. ಕೆರೆ ಕಟ್ಟಿಸಲು 300 ಗದ್ಯಾಣ, ಬೆಳೆಗೆ ವರ್ಷಕ್ಕೆ 400 ಖಂಡುಗ ಸೇರುತ್ತದೆ. ಆದರೆ ಹೂಳೆತ್ತಲು ವರ್ಷಕ್ಕೆ 10 ಗದ್ಯಾಣ ಕೊಡದಿದ್ದರೆ ಆ 400ರಲ್ಲಿ ವರ್ಷಕ್ಕೆ 20 ಖಂಡುಗ ಕಡಿಮೆಯಾಗುತ್ತ ಹೋಗುತ್ತದೆ. ಹೂಳಿನ ವೆಚ್ಚ ಯಾರ ತಲೆಗೆ ಎಂಬುದೂ ಪಟ್ಟಿಯ ಒಂದು ಸಾಲೇ.

ಧಾರಣೆ

ಸೂತ್ರ ಒಂದೇ ಸಾಕು: ಧಾರಣೆ = ಮೂಲಧಾರಣೆ × (ಸರಾಸರಿ ಬೆಳೆ ÷ ಈ ವರ್ಷದ ಬೆಳೆ)ರ 1.5ನೆಯ ಘಾತ. ಕೆಳಗೆ 0.4 ಪಟ್ಟು, ಮೇಲೆ 4 ಪಟ್ಟಿಗೆ ಕಡಿವಾಣ ಹಾಕಿ. ಘಾತ 1 ಇಟ್ಟರೆ ತೇಜಿ-ಮಂದಿ ಗೊತ್ತೇ ಆಗದು, 2 ಇಟ್ಟರೆ ಒಂದೇ ಬರಕ್ಕೆ ಆಟ ಹುಚ್ಚು ಹಿಡಿಯುತ್ತದೆ.

ಈಗ ಮೂರು ವರ್ಷ ಓಡಿಸಿ ನೋಡಿ. ಸರಾಸರಿ ವರ್ಷ: ಧಾರಣೆ 4 ಹಣ, ಸಿದ್ಧಾಯಕ್ಕೆ 1000 ಖಂಡುಗ. "ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" (ಡೋಣಿ ಅಂದರೆ ವಿಜಯಪುರ ಸೀಮೆಯ ಹೊಳೆ) ಎನ್ನುವಂಥ ವರ್ಷ, ಬೆಳೆ 11,000: ಧಾರಣೆ ಸುಮಾರು 2.5 ಹಣಕ್ಕೆ ಬಿದ್ದು ಅದೇ 400 ಗದ್ಯಾಣಕ್ಕೆ ಸುಮಾರು 1600 ಖಂಡುಗ ಮಾರಬೇಕಾಗುತ್ತದೆ. ಬೆಳೆ ಬಂದರೂ ಒಕ್ಕಲು ಗೊಣಗುವುದು ಈ ಕಾರಣಕ್ಕೆ, ಅದನ್ನು ಟೂಲ್‌ಟಿಪ್ ಹೇಳಬೇಕು. ಬರದ ವರ್ಷ, ಬೆಳೆ 5600: ಧಾರಣೆ 6.8 ಹಣ, ಸಿದ್ಧಾಯಕ್ಕೆ 590 ಖಂಡುಗದಷ್ಟೇ ಸಾಕು. ಆದರೆ ಬೀಜ 600, ಗುಡಿಗೆ 280, ಗೌಂಡರಿಗೆ 300 ಕಳೆದರೆ ಊಟಕ್ಕೆ ಉಳಿಯುವುದು ಸುಮಾರು 3830. ಬೇಕಾದದ್ದು 5400. ಶೇಕಡಾ 29 ಕೊರತೆ.

ಕೊರತೆಯ ಪರಿಣಾಮವನ್ನು ಮೂರು ಮೆಟ್ಟಿಲಲ್ಲಿ ಇಡಿ. 10 ಶೇಕಡಾ ತನಕ ಬರೀ ಅಸಮಾಧಾನ. 10ರಿಂದ 25ರ ತನಕ ಗುಳೆ: ಕೊರತೆಯ ಅರ್ಧದಷ್ಟು ಜನ ಪಕ್ಕದ ಕಂಪಣಕ್ಕೆ ಹೋಗುತ್ತಾರೆ, ಗಡಿಯಾಚೆ ಶತ್ರುವಿನ ಕಂಪಣವಾದರೂ ಸರಿ. 25 ದಾಟಿದರೆ ಬೀಜದ ಕಾಳನ್ನೇ ತಿನ್ನುತ್ತಾರೆ, ಮುಂದಿನ ವರ್ಷದ ಬಿತ್ತನೆ ಅಷ್ಟು ಕುಗ್ಗುತ್ತದೆ. ಈ ಮೂರನೆಯ ಮೆಟ್ಟಿಲು ಅಪಾಯದ್ದು. ಬೀಜ ಹೋದರೆ ಬೆಳೆ ಹೋಗುತ್ತದೆ, ಬೆಳೆ ಹೋದರೆ ಮತ್ತೆ ಬೀಜ ಹೋಗುತ್ತದೆ; ನಾಲ್ಕು ವರ್ಷಕ್ಕೆ ಕಂಪಣ ಬರಿದಾಗುತ್ತದೆ, ಆಟಗಾರ ಸೇವ್ ಫೈಲ್ ಅಳಿಸುತ್ತಾನೆ. ತಡೆಗೆ ಎರಡು ದಾರಿ ತೆರೆದಿಡಿ: ಅರಸ ಸಿದ್ಧಾಯ ಮನ್ನಾ ಮಾಡುವುದು, ಗುಡಿ ಅಥವಾ ಸೆಟ್ಟಿ ಬೀಜದ ಸಾಲ ಕೊಡುವುದು. ಸಾಲ ಕೊಟ್ಟವರಿಗೆ ಪಟ್ಟಿಯಲ್ಲಿ ಮೂರು ವರ್ಷದ ಹೊಸ ಸಾಲು ಸಿಗುತ್ತದೆ. ಹೀಗೆ ಬರ ಕಳೆದ ಮೇಲೆ ನಾಡಿನಲ್ಲಿ ಯಾರ ಕೈ ಮೇಲಾಯಿತು ಎಂಬುದು ಬದಲಾಗಿರುತ್ತದೆ. ಮನ್ನಾ ಮಾಡಿದ ಅರಸನಿಗೆ ಒಲವು ಸಿಕ್ಕಿತು, ಆ ವರ್ಷ ದಂಡಿಗೆ ಸಂಬಳ ಸಿಗಲಿಲ್ಲ. ಯಾವುದು ಸರಿ ಎಂದು ಆಟ ಹೇಳಬಾರದು.

ಮಳೆಯ ದಾಳಕ್ಕೆ ಬೇರೆ ಗಮನ ಬೇಕು. ಸುಭಿಕ್ಷ 20 ಶೇಕಡಾ, ಸರಾಸರಿ 55, ಬರ 25 ಎಂದು ಹಂಚಿ. ಬರದ ಮರುವರ್ಷ ಮತ್ತೆ ಬರ ಬರುವ ಸಾಧ್ಯತೆ 35ಕ್ಕೆ ಏರಲಿ. ಪ್ರತಿ ಕಂಪಣಕ್ಕೆ ಬೇರೆ ಬೇರೆ ದಾಳ ಹಾಕಿದರೆ 12ರಲ್ಲಿ ಯಾವಾಗಲೂ ಮೂರು ಸೊರಗಿ, ಉಳಿದವು ತಾಳಿಕೊಂಡು, ನಾಡಿನ ಮೊತ್ತ ಎಂದೂ ಅಲುಗುವುದಿಲ್ಲ. ಮೊದಲು ಇಡೀ ನಾಡಿಗೆ ಒಂದು ದಾಳ, ಆಮೇಲೆ ಕಂಪಣಕ್ಕೆ ಚಿಕ್ಕ ಏರಿಳಿತ. ಖಾನಾಪುರ ಕಡೆಯ ಮಲೆಸೀಮೆಯ ಕಂಪಣಗಳಿಗೆ ಬರದ ಹೊಡೆತ ಅರ್ಧ, ಮೂಡಲ ಎರೆಸೀಮೆಗೆ ಪೂರ್ತಿ.

ಹಗೇವು

ಕಾಳು ಕೂಡಿಡಲು "ಉಗ್ರಾಣ, ಮಟ್ಟ 1, ಮಟ್ಟ 2" ಎಂದು ಕಟ್ಟಡ ಮಾಡುವ ಬದಲು ಹಗೇವು ತನ್ನಿ. ನೆಲದೊಳಗೆ ತೋಡಿ, ಹುಲ್ಲಿನ ಮೆತ್ತೆ ಕೊಟ್ಟು, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುವ ಈ ಪದ್ಧತಿ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ. ಗಾಳಿಯಾಡದೆ ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ತಾಳುತ್ತದೆ. ಆಟದಲ್ಲಿ ಮುಚ್ಚಿದ ಹಗೇವಿಗೆ ಋತುವಿಗೆ 1 ಶೇಕಡಾ ನಷ್ಟ, ಮನೆಯ ಕಣಜಕ್ಕೆ 4. ಒಮ್ಮೆ ಬಾಯಿ ತೆರೆದ ಹಗೇವನ್ನು ಅದೇ ಟರ್ನ್‌ನಲ್ಲಿ ಪೂರ್ತಿ ಬರಿದು ಮಾಡಬೇಕು, ಉಳಿಸಿದರೆ ಕಣಜದ ದರದಲ್ಲಿ ನಷ್ಟ. ಆದ್ದರಿಂದ ಯಾವಾಗ ತೆರೆಯಬೇಕು ಎಂಬುದೇ ಒಂದು ತೀರ್ಮಾನ. ನೀರು ಜಿನುಗುವ ಮಲೆಸೀಮೆಯಲ್ಲಿ ಹಗೇವು ಕಟ್ಟಲು ಬಿಡಬೇಡಿ; ಅಲ್ಲಿ ಬತ್ತ, ಕಣಜ.

ರಾಜಕೀಯ ಇಲ್ಲೂ ಇದೆ. ಹಗೇವು ಯಾರದ್ದು? ಅರಸನದಾದರೆ ಬರದಲ್ಲಿ ಹಂಚಬಹುದು. ಗೌಂಡನದಾದರೆ ಅವನು 2.5 ಹಣಕ್ಕೆ ಕೊಂಡದ್ದನ್ನು 6.8ಕ್ಕೆ ಮಾರುತ್ತಾನೆ. ಅವನ ಹಗೇವು ಒಡೆಸುವ ಅಧಿಕಾರ ಆಟಗಾರನಿಗಿರಲಿ: ಊರಿನ ಒಲವು 20 ಏರುತ್ತದೆ, ನಾಡಿನ ಎಲ್ಲ ಗೌಂಡರ ನಿಷ್ಠೆ 10 ಇಳಿಯುತ್ತದೆ. ಹಾಗೆಯೇ ಪ್ರತಿ ಹಗೇವಿನ ನೆಲೆ ಶತ್ರುವಿನ ದಂಡಿಗೆ ಕಾಣಬಾರದು. ಊರವರಲ್ಲಿ ಒಬ್ಬರು ಬಾಯಿಬಿಟ್ಟರೆ ಮಾತ್ರ ಕಾಣಲಿ.

ಹೇರು, ಸುಂಕ, ಅಯ್ಯಾವೊಳೆ ಐನೂರ್ವರು

ವ್ಯಾಪಾರವನ್ನು ಮ್ಯಾಪಿನ ಮೇಲಿನ ಗೆರೆಯಾಗಿ ಎಳೆದು "ವರ್ಷಕ್ಕೆ ಇಷ್ಟು ಗದ್ಯಾಣ" ಎಂದು ಬರೆದುಬಿಟ್ಟರೆ ಅದು ವ್ಯಾಪಾರವಲ್ಲ, ಭತ್ಯೆ. ಪ್ರತಿ ಟರ್ನ್‌ನಲ್ಲಿ ಪ್ರತಿ ಜೋಡಿ ಪೇಟೆಗೆ ಒಂದು ಪ್ರಶ್ನೆ ಕೇಳಿ: ಮಾರುವ ಧಾರಣೆಯಲ್ಲಿ ಕೊಳ್ಳುವ ಧಾರಣೆ, ಸಾಗಣೆ, ಸುಂಕ ಕಳೆದರೆ ಹಾಕಿದ ಬಂಡವಾಳಕ್ಕೆ 10 ಶೇಕಡಾ ಉಳಿಯುತ್ತದೆಯೇ? ಉಳಿದರೆ ಎತ್ತು ಹೊರಡುತ್ತದೆ.

1 ಹೇರು ಅಂದರೆ ಒಂದು ಎತ್ತಿನ ಹೊರೆ. ಅದನ್ನು 10 ಕೊಳಗ ಎಂದಿಡಿ. ಮೂಲಧಾರಣೆಯಲ್ಲಿ ಅದಕ್ಕೆ 2 ಹಣ, ಅಂದರೆ 32 ವೀಸ. ಸಾಗಣೆ ಗಾವುದಕ್ಕೆ (ದೂರದ ಹಳೆಯ ಅಳತೆ) 2 ವೀಸ. ದಾರಿಯ ಮೇಲೆ ಮೂರು ಸುಂಕದ ಕಟ್ಟೆ, ಕಟ್ಟೆಗೆ 2 ವೀಸ. ಬರ ಬಿದ್ದ ಕಂಪಣದಿಂದ 8 ಗಾವುದ ದೂರದಲ್ಲಿ ಮೂಲಧಾರಣೆಗೆ ಜೋಳ ಸಿಗುತ್ತಿದೆ ಎನ್ನಿ. ಕೊಳ್ಳುವುದಕ್ಕೆ 32, ಸಾಗಣೆಗೆ 16, ಸುಂಕಕ್ಕೆ 6, ಒಟ್ಟು 54 ವೀಸ. ಬರದೂರಿನಲ್ಲಿ ಮಾರಿದರೆ ಬರುವುದು 6.8 ಹಣದ ಲೆಕ್ಕದಲ್ಲಿ 54 ವೀಸ. ಸರಿಗೆ ಸರಿ. ಕಣಜ ತುಂಬಿದ ಊರು ಎಂಟು ಗಾವುದದಲ್ಲೇ ಇದ್ದರೂ ಒಂದು ಕಾಳೂ ಬರುವುದಿಲ್ಲ! ಮೂರೂ ಕಟ್ಟೆಯವರು ಸುಂಕ ಬಿಟ್ಟರೆ ಖರ್ಚು 48, ಲಾಭ 6, ಶೇಕಡಾ 12ಕ್ಕಿಂತ ಮೇಲೆ. ಎತ್ತಿನ ಸಾಲು ಹೊರಡುತ್ತದೆ. ಆ ಮೂರು ಕಟ್ಟೆ ಮೂವರು ಸಾಮಂತರದ್ದು. ಅವರನ್ನು ಒಪ್ಪಿಸಲು ಆಟಗಾರ ಏನು ಕೊಡುತ್ತಾನೆ? ಇಂಥ ಒಂದು ಸನ್ನಿವೇಶಕ್ಕೆ ಸ್ಕ್ರಿಪ್ಟ್ ಬರೆಯಬೇಕಾಗಿಲ್ಲ, ಸಂಖ್ಯೆಗಳೇ ಅದನ್ನು ಹುಟ್ಟಿಸುತ್ತವೆ.

ಮೆಣಸು, ಕುದುರೆ ಬೇರೆ ಜಾತಿ. ಹಗುರ ಅಥವಾ ತಾನೇ ನಡೆಯುವ ಸರಕು, ಬೆಲೆ ದೊಡ್ಡದು. ಸುಂಕ ಎರಡು ಪಟ್ಟಾದರೂ ನಿಲ್ಲುವುದಿಲ್ಲ. ಒಳ್ಳೆಯ ಯುದ್ಧಕುದುರೆ ಅರಬ್ಬೀ ಕಡಲಿಂದಲೇ ಬರಬೇಕಿತ್ತು. ವೇಣುಗ್ರಾಮಕ್ಕೆ ಹತ್ತಿರದ ರೇವು ಗೋವೆ, ಅದು ಕದಂಬರ ಕೈಯಲ್ಲಿ. ಕುದುರೆಗೆ 40 ಗದ್ಯಾಣ, ವರ್ಷಕ್ಕೆ ಹತ್ತರಲ್ಲಿ ಒಂದು ಸಾಯುತ್ತದೆ ಎಂದಿಟ್ಟರೆ ಸಾಕು: ಗೋವೆಯೊಂದಿಗೆ ಮುನಿದ ಅರಸನ ರಾವುತರ ದಂಡು ತಾನೇ ಕರಗುತ್ತದೆ.

ಅಯ್ಯಾವೊಳೆ ಐನೂರ್ವರನ್ನು ನೆಲವಿಲ್ಲದ ಬಣವಾಗಿ ಮಾಡಿ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಈ ವರ್ತಕರ ಸಂಘ ದಖ್ಖನಿನ ಉದ್ದಗಲಕ್ಕೂ ಇತ್ತು, ಸ್ವಂತ ಕಾವಲುಪಡೆಯೂ ಇತ್ತು. 1204ರ ಬೆಳಗಾವಿಯ ಶಾಸನಗಳಲ್ಲಿ ಮುಮ್ಮುರಿದಂಡ ಎಂಬ ವರ್ತಕ ಸಂಘದವರ ಜೊತೆಗೆ ಲಾಟ, ಮಲೆಯಾಳದ ವರ್ತಕರೂ ಕಾಣುತ್ತಾರೆ. ಗುಜರಾತಿನಿಂದ ಕೇರಳದ ತನಕದ ಜಾಲ ಒಂದೇ ಪೇಟೆಯಲ್ಲಿ. ಈ ಬಣಕ್ಕೆ ಎರಡೇ ಅಧಿಕಾರ ಕೊಡಿ: ಸಾಲ ಕೊಡುವುದು, ಪೇಟೆಗೆ ಬೆನ್ನು ತಿರುಗಿಸುವುದು. ಎರಡನೆಯದು ಕತ್ತಿಗಿಂತ ಹರಿತ.

ಸುಂಕದಲ್ಲಿ ಎಐ ಮಾಡುವ ಖಾಯಂ ತಪ್ಪೊಂದಿದೆ. ಸುಂಕ ಏರಿಸಿದ ಟರ್ನ್‌ನಲ್ಲಿ ಆದಾಯ ಏರುತ್ತದೆ, ಏಕೆಂದರೆ ಎತ್ತುಗಳು ಆಗಲೇ ದಾರಿಯಲ್ಲಿವೆ. ಎಐ ಅದನ್ನು ನೋಡಿ ಮತ್ತೆ ಏರಿಸುತ್ತದೆ. ನಾಲ್ಕು ಟರ್ನ್‌ಗೆ ದಾರಿ ಸತ್ತುಹೋಗುತ್ತದೆ. ಎಐ ಹಿಂದಿನ 6 ಟರ್ನ್‌ಗಳ ಸರಾಸರಿ ಆದಾಯ ನೋಡಿ ನಿರ್ಧರಿಸಲಿ, ವರ್ಷಕ್ಕೊಮ್ಮೆ ಮಾತ್ರ ಬದಲಿಸಲಿ.

ಸಾಮಂತರ ನಿಷ್ಠೆ

ಒಂದೇ "ನಿಷ್ಠೆ 63" ಎಂಬ ಸಂಖ್ಯೆ ಇಟ್ಟರೆ ಆಟಗಾರ ಉಡುಗೊರೆ ಕೊಟ್ಟು 100 ಮಾಡಿ ಮರೆತುಬಿಡುತ್ತಾನೆ. ಮೂರಾಗಿ ಒಡೆಯಿರಿ, ಪ್ರತಿಯೊಂದೂ 0ಯಿಂದ 100.

ಪಾಲು: ಈ ವರ್ಷದ ಆದಾಯ ಕಳೆದ ಐದು ವರ್ಷದ ಸರಾಸರಿಗಿಂತ ಎಷ್ಟು ಶೇಕಡಾ ಹೆಚ್ಚೋ ಕಡಿಮೆಯೋ ಅದನ್ನು 50ಕ್ಕೆ ಕೂಡಿಸಿ ಅಥವಾ ಕಳೆಯಿರಿ. ಬಡ ಸಾಮಂತನಿಗಿಂತ ಬಡವಾಗುತ್ತಿರುವ ಸಾಮಂತ ಅಪಾಯಕಾರಿ, ಸೂತ್ರ ಅದನ್ನೇ ಹೇಳುತ್ತದೆ. ಮರ್ಯಾದೆ: 50ರಿಂದ ಶುರು, ಮದುವೆಗೆ 20 ಏರಿಕೆ, ಸಭೆಯಲ್ಲಿ ಅವಮಾನಕ್ಕೆ 15 ಇಳಿಕೆ, ಬಿರುದಿಗೆ 20ನ್ನು ಆ ಬಿರುದು ಹೊತ್ತವರ ಸಂಖ್ಯೆಯಿಂದ ಭಾಗಿಸಿ ಬಂದಷ್ಟು ಏರಿಕೆ. ಎಲ್ಲರಿಗೂ ಒಂದೇ ಬಿರುದು ಹಂಚಿದರೆ ಬಿರುದಿಗೆ ಬೆಲೆ ಇರುವುದಿಲ್ಲ, ಮೊದಲು ಪಡೆದವನ ಮರ್ಯಾದೆಯೂ ಇಳಿಯುತ್ತದೆ. ರಟ್ಟರು "ಲತ್ತಲೂರ್ಪುರವರಾಧೀಶ್ವರ" ಎಂಬ ಬಿರುದನ್ನು, ಹೊನ್ನ ಗರುಡಧ್ವಜವನ್ನು ಎಷ್ಟು ಹೆಮ್ಮೆಯಿಂದ ಹೊತ್ತಿದ್ದರೆಂಬುದನ್ನು ಅವರ ಶಾಸನಗಳಲ್ಲಿ ನೋಡಿದರೆ ಈ ಅಂಶಕ್ಕೆ ತೂಕ ಕೊಡಬೇಕೆಂದು ಒಪ್ಪುತ್ತೀರಿ. ಅಂಜಿಕೆ: ಹತ್ತಿರವಿರುವ ಅರಸನ ದಂಡನ್ನು, ಅದೇ ದಂಡು ಮತ್ತು ಸಾಮಂತನ ಹಾಗೂ ಅವನ ಸಂಭಾವ್ಯ ಗೆಳೆಯನ ದಂಡುಗಳ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ.

ನಿಷ್ಠೆ = ಪಾಲು × 0.4 + ಮರ್ಯಾದೆ × 0.3 + ಅಂಜಿಕೆ × 0.3. ಆದಾಯ ಕಾಲುಭಾಗ ಇಳಿದ ಸಾಮಂತನ ಪಾಲು 25, ಮರ್ಯಾದೆ 40, ಅಂಜಿಕೆ 60 ಇದ್ದರೆ ನಿಷ್ಠೆ 40. ಅರಸನ ದಂಡು ಹೊಯ್ಸಳ ಗಡಿಗೆ ಹೋದೊಡನೆ ಅಂಜಿಕೆ 20ಕ್ಕೆ ಬಿತ್ತು, ನಿಷ್ಠೆ 28. ತಕ್ಷಣ ದಂಗೆ ಏಳಿಸಬೇಡಿ. 35ರ ಕೆಳಗೆ ಬಂದರೆ ನೆರೆಯ ಅರಸನಿಗೆ ಗುಟ್ಟಿನ ಓಲೆ. 25ರ ಕೆಳಗೆ ಎರಡು ಟರ್ನ್ ನಿಂತರೆ ಕಪ್ಪ ನಿಲ್ಲಿಸುವುದು. ಬೆಂಬಲದ ಮಾತು ಸಿಕ್ಕರೆ ಮಾತ್ರ ಕಾಳಗ. ಓಲೆ ಸಿಕ್ಕಿಬೀಳುವ ಅವಕಾಶ ಟರ್ನಿಗೆ 15 ಶೇಕಡಾ.

ಅರಸ ಸತ್ತ ಟರ್ನ್‌ನಲ್ಲಿ ಎಲ್ಲರ ಅಂಜಿಕೆ ಒಟ್ಟಿಗೆ ಬಿದ್ದು ಎಲ್ಲ ಸಾಮಂತರೂ ಒಂದೇ ದಿನ ಏಳುವುದು ಈ ಸೂತ್ರದ ದೊಡ್ಡ ದೋಷ. ಟರ್ನಿಗೆ ಒಬ್ಬ ಸಾಮಂತ ಮಾತ್ರ ತೀರ್ಮಾನಿಸಲಿ, ಸರದಿ ದಾಳದಿಂದ. ಮೊದಲೆದ್ದವನ ನೆಲದ ಮೇಲೆ ಪಕ್ಕದವನಿಗೆ ಆಸೆ ಹುಟ್ಟಲಿ, ಆಗ ಅವನು ಅರಸನ ಕಡೆ ನಿಲ್ಲುತ್ತಾನೆ. ಯುವರಾಜನಿಗೆ ಬೇರೆ ಬೊಕ್ಕಸ, ಎರಡು ಕಂಪಣ ಕೊಡುವ ಆಯ್ಕೆಯೂ ಬೇಕು. ಪಟ್ಟವಾಗುವ ಹೊತ್ತಿಗೆ ಸಾಮಂತರಿಗೆ ಅವನ ಮೇಲಿನ ಅಂಜಿಕೆ ನೆಲೆಯೂರಿರುತ್ತದೆ.

ಒಬ್ಬನ ಕೈಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಂಪಣ ಹೋದರೆ ಅಂಜಿಕೆಯ ಸೂತ್ರವೇ ಕೆಲಸ ಮಾಡುವುದಿಲ್ಲ. ಇಂದಿನ ವಿಜಯಪುರ ಸೀಮೆಯ ತರ್ದವಾಡಿ 1000 ಆಳುತ್ತಿದ್ದ ಕಳಚುರಿ ಬಿಜ್ಜಳ ಚಾಲುಕ್ಯರ ಮಹಾಮಂಡಲೇಶ್ವರನೇ, ಅಂದರೆ ಸಾಮಂತನೇ. 1162ರ ಹೊತ್ತಿಗೆ ಕಲ್ಯಾಣದ ಗದ್ದುಗೆ ಅವನದಾಗಿತ್ತು. ಆಟಗಾರನೂ ಯಾರದೋ ಸಾಮಂತನಾಗಿ ಶುರುಮಾಡಿ ಅದೇ ಹಾದಿ ಹಿಡಿಯಲು ಬಿಡಿ.

ದಂಡಯಾತ್ರೆ

ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ, ಯುದ್ಧ ನಿಮ್ಮ ಗೇಮಿನಲ್ಲಿ ಆಗಲೇ ಇರುತ್ತದೆ. ಅದನ್ನು ಹೊಲಕ್ಕೆ ಕಟ್ಟಿಹಾಕಿ, ಅಷ್ಟೇ. ಊರಾಳುಗಳನ್ನು ಶಿಶಿರದಲ್ಲಿ ದಂಡಿಗೆ ಎಳೆದರೆ ಹಿಂಗಾರಿ ರಾಶಿ ಎಳೆದ ಜನರ ಶೇಕಡಾವಾರು ಕುಗ್ಗಲಿ. ಬಿತ್ತನೆ, ರಾಶಿ ಇಲ್ಲದ ಹೇಮಂತ, ವಸಂತಗಳೇ ಪುಕ್ಕಟೆ ಋತುಗಳು. ಕೋಟೆ ಮುತ್ತಿಗೆಗಿಂತ ತುರುಗೊಳ್, ಅಂದರೆ ದನ ಹೊಡೆದೊಯ್ಯುವ ದಾಳಿ, ಅಗ್ಗ ಮತ್ತು ಹೆಚ್ಚು ನೋವಿನದು. ಕಂಪಣಕ್ಕೆ 1500 ಜೋಡಿ ಎತ್ತು ಇಡಿ. 300 ಜೋಡಿ ಹೋದರೆ ಮುಂದಿನ ಬಿತ್ತನೆ 20 ಶೇಕಡಾ ಕಡಿಮೆ. ತುರು ಬಿಡಿಸಿ ಸತ್ತವನಿಗೆ ವೀರಗಲ್ಲು ನಿಲ್ಲಿಸಲು ಆಟಗಾರನಿಗೆ ಕೇಳಿ. ನಿಲ್ಲಿಸಿದರೆ ಆ ಮನೆತನದ ಮರ್ಯಾದೆ 15 ಏರುತ್ತದೆ, ಹಕ್ಕಿನ ಪಟ್ಟಿಯಲ್ಲಿ 20 ಖಂಡುಗದ ನೆತ್ತರುಗೊಡಗೆ ಸೇರುತ್ತದೆ.

ಇದೇ ಯಂತ್ರವನ್ನು ಆದಿಲ್‌ಶಾಹಿ ವಿಜಯಪುರಕ್ಕೆ (1490ರಿಂದ 1686) ಒಯ್ಯುವವರಿಗೆ ಒಂದು ಮಾತು. ಸಾಲುಗಳ ಹೆಸರು ಬದಲಿಸಿ: ಜಾಗೀರು, ಇನಾಮು, ದೇಸಗತಿ, ಕುಲಕರ್ಣಿಕೆ. ಮರ್ಯಾದೆಯ ಜೊತೆಗೆ ಬಣ ಎಂಬ ನಾಲ್ಕನೆಯ ಅಂಶ ಸೇರಿಸಿ, ಏಕೆಂದರೆ ದರ್ಬಾರು ದಖ್ಖನಿಗಳು (ಇಲ್ಲಿಯೇ ನೆಲೆಸಿದವರು), ಅಫಾಕಿಗಳು (ಹೊರದೇಶದಿಂದ ಬಂದವರು) ಎಂದು ಒಡೆದಿತ್ತು. 1580ರಲ್ಲಿ ಅಲಿ ಆದಿಲ್‌ಶಾಹನ ಕೊಲೆಯಾಗಿ ಬಾಲಕ ಇಬ್ರಾಹಿಂ ಪಟ್ಟಕ್ಕೆ ಬಂದ ಮೇಲಿನ ವರ್ಷಗಳಲ್ಲಿ ಚಾಂದಬೀಬಿ ಮತ್ತು ಒಬ್ಬರ ಹಿಂದೊಬ್ಬರಾಗಿ ಬಂದ ಸರದಾರರು ಆಡಳಿತ ಹಿಡಿದರು. ಅದನ್ನು ಆಟಕ್ಕೆ ತರಲು ಒಂದೇ ನಿಯಮ ಸಾಕು: ಸುಲ್ತಾನ ಪ್ರಾಯಕ್ಕೆ ಬರುವ ತನಕ ಹಕ್ಕಿನ ಪಟ್ಟಿ ತಿದ್ದುವ ಅಧಿಕಾರ ಆಟಗಾರನಿಗಿಲ್ಲ, ಮೇಲ್ವಿಚಾರಕನಿಗೆ.

ಓಡಿಸಿ ನೋಡುವುದು

ಕೋಡ್ ಮುಟ್ಟುವ ಮೊದಲು ಒಂದೇ ಕಂಪಣವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕಟ್ಟಿ: 60 ಸಾಲು, 10 ವರ್ಷ. ಅಲ್ಲಿ ನಿಲ್ಲದ ಲೆಕ್ಕ ಎಂಜಿನ್‌ನಲ್ಲೂ ನಿಲ್ಲುವುದಿಲ್ಲ. ಆಮೇಲೆ ಗೊಡೊ 4 ಎಂಬ ಗೇಮ್ ಎಂಜಿನ್‌ನ ಹೆಡ್‌ಲೆಸ್ ಮೋಡ್‌ನಲ್ಲಿ ಚಿತ್ರವಿಲ್ಲದೆ, ಆಟಗಾರನಿಲ್ಲದೆ, ಎಐಗಳನ್ನಷ್ಟೇ ಬಿಟ್ಟು 240 ಟರ್ನ್‌ಗಳನ್ನು 100 ಸಲ ಓಡಿಸಿ. ಪ್ರತಿ ಓಟದ ರ‍್ಯಾಂಡಮ್ ಸೀಡ್ (ದಾಳಗಳ ಸರಣಿ ಶುರುವಾಗುವ ಸಂಖ್ಯೆ) ಬರೆದಿಡಿ, ಇಲ್ಲದಿದ್ದರೆ ಕೆಟ್ಟ ಓಟವನ್ನು ಮತ್ತೆ ಹಿಡಿಯಲಾಗದು. ನೋಡಬೇಕಾದ್ದು ಇಷ್ಟು: ಧಾರಣೆ ಕಡಿವಾಣಕ್ಕೆ ತಗಲಿದ ಟರ್ನ್‌ಗಳು 5 ಶೇಕಡಾ ದಾಟಬಾರದು; ದಾಟಿದರೆ ಘಾತವನ್ನು 1.5ರಿಂದ 1.3ಕ್ಕೆ ಇಳಿಸಿ, ಮಳೆಯ ದಾಳವನ್ನು ಮುಟ್ಟಬೇಡಿ. ಐದು ರಾಜ್ಯಗಳಲ್ಲಿ ಮೂರಾದರೂ ಅರ್ಧದಷ್ಟು ಓಟಗಳಲ್ಲಿ ಕೊನೆ ತನಕ ಉಳಿಯಬೇಕು. ಎಲ್ಲ ಓಟದಲ್ಲೂ ಸೇವುಣರೇ ಗೆಲ್ಲುತ್ತಿದ್ದರೆ ಅವರ ದಂಡು ಇಳಿಸುವ ಮೊದಲು ಅವರ ಹಕ್ಕಿನ ಪಟ್ಟಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ದೇವದಾನದ ಸಾಲು ಬಿಟ್ಟುಹೋಗಿರುತ್ತದೆ.

ಕನ್ನಡದಲ್ಲೇ ಆಟ ತೋರಿಸುವವರು ಅಕ್ಷರವನ್ನು ಮೊದಲ ದಿನವೇ ಪರೀಕ್ಷಿಸಿ. ಇನ್ನೊಂದು ಎಂಜಿನ್ ಯೂನಿಟಿಯ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್‌ಪ್ರೊದಲ್ಲಿ ಒತ್ತಕ್ಷರ ಒಡೆದು ಬೀಳುವುದು ಹಳೆಯ ತೊಂದರೆ. ಗೊಡೊ 4 ತನ್ನ ಪೂರ್ವನಿಯೋಜಿತ ಟೆಕ್ಸ್ಟ್ ಸರ್ವರ್‌ನಲ್ಲಿ, ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟ್ ಕೊಟ್ಟರೆ, ಸರಿಯಾಗಿ ಜೋಡಿಸುತ್ತದೆ. "ಲತ್ತಲೂರ್ಪುರವರಾಧೀಶ್ವರ" ಎಂಬುದನ್ನೇ ಪರೀಕ್ಷೆಯ ಪದವಾಗಿ ಹಾಕಿ: ಅರ್ಕಾವತ್ತು, ಒತ್ತು, ದೀರ್ಘ ಮೂರೂ ಅದರಲ್ಲಿವೆ, ಬಟನ್ನಿನ ಅಗಲ ಸಾಲದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.